ಹೊಸದರಂಥ ಕಾರು, ಚೌಕಾಸಿಯ ಎಲ್ಲೆ

ಹೊಗೆಸೊಪ್ಪಿನ ಹರಾಜು ಮುಗಿಯುತ್ತ ಬರುವ ದಿನಗಳಲ್ಲಿ ಸರಗೂರು, ಹೆಗ್ಗಡದೇವನಕೋಟೆ, ಹುಣಸೂರು, ಪಿರಿಯಾಪಟ್ಟಣದ ಕಡೆಯ ಅನೇಕ ಮನೆಗಳಲ್ಲಿ ಒಂದು ಮಾತು ಕೇಳಿಬರುತ್ತದೆ: ಈ ವರ್ಷವಾದರೂ ಒಂದು ಕಾರು ಕೊಳ್ಳಬೇಕು. ಈ ಆಸೆಯನ್ನು ಆಡಂಬರವೆಂದು ತಳ್ಳಿಹಾಕುವವರಲ್ಲಿ ನಾವಿಲ್ಲ. ಮೈಸೂರಿನ ದೊಡ್ಡಾಸ್ಪತ್ರೆಗೆ ಸರಗೂರಿನಿಂದ ಐವತ್ತು ಕಿಲೋಮೀಟರಿಗೂ ಮಿಕ್ಕಿದ ದಾರಿ. ನಡುರಾತ್ರಿ ಎದೆನೋವು ಬಂದ ತಂದೆಯನ್ನು ಹೊತ್ತು ಯಾರ ಮನೆಯ ಬಾಗಿಲು ತಟ್ಟುವುದು ಎಂಬ ಚಿಂತೆಯುಳ್ಳ ಕುಟುಂಬಕ್ಕೆ ನಾಲ್ಕು ಚಕ್ರದ ವಾಹನವು ಭೋಗದ ವಸ್ತುವಲ್ಲ. ಹೊಸ ಕಾರಿಗೆ ಹಣ ಸಾಲದು. ಹತ್ತು ವರ್ಷ ಓಡಿದ ಕಾರಿನ ರಿಪೇರಿಗೆ ಭಯ. ಆದ್ದರಿಂದ ಕಣ್ಣು ಹೋಗುವುದು ವರ್ಷವೊಂದರ ಹಿಂದೆ ಶೋರೂಮಿನಿಂದ ಹೊರಬಂದ, ಸೀಟಿನ ಪ್ಲಾಸ್ಟಿಕ್ಕನ್ನೂ ಪೂರ್ತಿ ಕಿತ್ತಿರದ, ಹೊಸದರಂಥ ಕಾರಿನ ಮೇಲೆ.

ಇಂಥ ಕಾರಿನ ಬೆಲೆ ಕುದುರಿಸುವ ವಿಷಯದಲ್ಲಿ ನಮ್ಮ ಕುಟುಂಬಗಳಲ್ಲಿ ಎರಡು ಬಗೆಯವರನ್ನು ಕಾಣುತ್ತೇವೆ. ಚೌಕಾಸಿ ಮಾಡುವುದೇ ಸಜ್ಜನರಿಗೆ ತಕ್ಕುದಲ್ಲವೆಂದು ಕೇಳಿದಷ್ಟನ್ನೂ ಎಣಿಸಿಕೊಟ್ಟು, ಆಮೇಲೆ ವರ್ಷವಿಡೀ ಗ್ಯಾರೇಜಿನ ಬೆಂಚಿನ ಮೇಲೆ ಕುಳಿತಿರುವವರು ಕೆಲವರು. ಎಷ್ಟು ಅಗ್ಗಕ್ಕೆ ಹೊಡೆದುಕೊಂಡು ಬಂದೆವೆಂಬುದನ್ನು ಭಾನುವಾರದ ಪೂಜೆ ಮುಗಿದೊಡನೆ ಚರ್ಚಿನ ಅಂಗಳದಲ್ಲಿಯೇ ವರ್ಣಿಸತೊಡಗುವವರು ಇನ್ನು ಕೆಲವರು. ಮೊದಲನೆಯವರ ಸಂಕೋಚ ಅನಗತ್ಯವಾದುದು. ಎರಡನೆಯವರ ಹೆಮ್ಮೆಯ ಕುರಿತು ಮಾತ್ರ ಸ್ವಲ್ಪ ವಿಚಾರ ಮಾಡಬೇಕಾಗಿದೆ.

ಚೌಕಾಸಿಯು ನಮ್ಮ ಸೀಮೆಗೆ ಹೊಸತಲ್ಲ. ಕೃಷ್ಣರಾಜನಗರದ ಕಡೆಯ ಚುಂಚನಕಟ್ಟೆಯಲ್ಲಿ ಸಂಕ್ರಾಂತಿಯ ಆಸುಪಾಸಿನಲ್ಲಿ ಸೇರುವ ದನಗಳ ಜಾತ್ರೆಯನ್ನು ಕಂಡವರು ಇದನ್ನು ಬಲ್ಲರು. ಹಳ್ಳಿಕಾರ್ ಎತ್ತಿನ ಬಾಯಿ ಬಿಡಿಸಿ ಎರಡು ಹಲ್ಲೋ, ನಾಲ್ಕು ಹಲ್ಲೋ, ಬಾಯಿಗೂಡಿದ್ದೋ ಎಂದು ವಯಸ್ಸು ಕಟ್ಟುತ್ತಾರೆ. ಸುಳಿ ನೋಡುತ್ತಾರೆ, ಗೊರಸು ನೋಡುತ್ತಾರೆ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾರೆ. ಅದಾದ ಮೇಲೆ ಟವೆಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆಯ ಮಾತು. ಅದನ್ನು ದಲ್ಲಾಳಿಗಳ ಕಳ್ಳಾಟವೆಂದು ಪಟ್ಟಣದವರು ನಗುವುದುಂಟು. ನಮಗಾದರೋ ಆ ಟವೆಲಿನಲ್ಲಿ ಒಂದು ಮರ್ಯಾದೆಯೂ ಕಾಣುತ್ತದೆ: ಮಾರುವವನು ಎಷ್ಟಕ್ಕೆ ಇಳಿದ ಎಂಬುದು ಸುತ್ತ ನಿಂತ ಹತ್ತು ಜನರಿಗೆ ತಿಳಿಯದು. ವ್ಯಾಪಾರ ಕುದುರದಿದ್ದರೂ ಅವನ ಎತ್ತು ಅಗ್ಗವಾಗುವುದಿಲ್ಲ, ಅವನೂ ಅಗ್ಗವಾಗುವುದಿಲ್ಲ.

ಎತ್ತಿಗಿರುವಂತೆ ಕಾರಿಗೆ ಹಲ್ಲಿಲ್ಲ. ತೊಂದರೆಯೆಲ್ಲ ಅಲ್ಲಿಂದಲೇ ಆರಂಭ. ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ ಎಂಬವರು 1970ರಲ್ಲಿ ಪ್ರಕಟಿಸಿದ ಪುಟ್ಟ ಪ್ರಬಂಧವೊಂದರಲ್ಲಿ, ಶೋರೂಮಿನಿಂದ ಹೊರಬಂದ ಕೆಲವೇ ತಿಂಗಳಲ್ಲಿ ಕಾರಿನ ಬೆಲೆ ಅಷ್ಟೊಂದು ಬೀಳುವುದೇಕೆ ಎಂಬ ಪ್ರಶ್ನೆಯನ್ನು ಎತ್ತಿಕೊಂಡರು. ಹೊಸತನದ ಸಂತೋಷಕ್ಕೆ ಜನ ಕೊಡುವ ಬೆಲೆ ಅದು ಎಂಬ ಎಂದಿನ ಉತ್ತರದಿಂದ ಅವರಿಗೆ ತೃಪ್ತಿಯಾಗಲಿಲ್ಲ. ಮಾರುವವನಿಗೆ ತನ್ನ ಕಾರಿನ ಒಳಗುಟ್ಟು ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಒಳ್ಳೆಯದು ಯಾವುದು, ಕೆಟ್ಟದ್ದು ಯಾವುದು ಎಂದು ಹೊರಗಿನಿಂದ ತಿಳಿಯದಿರುವುದರಿಂದ ಕೊಳ್ಳುವವನು ಎಲ್ಲವನ್ನೂ ಸಂಶಯದಿಂದ ನೋಡಿ ಕಡಿಮೆ ಬೆಲೆ ಕಟ್ಟುತ್ತಾನೆ. ಆ ಬೆಲೆಗೆ ಒಳ್ಳೆಯ ಕಾರಿನ ಒಡೆಯ ಮಾರಲು ಒಪ್ಪುವುದಿಲ್ಲ. ಹೀಗೆ ಪೇಟೆಯಲ್ಲಿ ಕೆಟ್ಟದ್ದೇ ಉಳಿಯುತ್ತದೆ. ಇದು ಅವರ ವಾದದ ತಿರುಳು. 2001ರಲ್ಲಿ ಅವರು ಇನ್ನಿಬ್ಬರೊಡನೆ ನೊಬೆಲ್ ಪುರಸ್ಕಾರ ಹಂಚಿಕೊಂಡರು.

ಈ ವಿವರಣೆ ಸರಿಯಾದುದೇ, ಆದರೆ ಅರ್ಧ ಮಾತ್ರ ಎಂದು ನಮಗೆ ತೋರುತ್ತದೆ. ಹೊಸದರಂಥ ಕಾರೊಂದು ಮಾರಾಟಕ್ಕೆ ಬಂದಾಗ ಕೇಳಬೇಕಾದ ಪ್ರಶ್ನೆ ಒಂದೇ: ಇಷ್ಟು ಬೇಗ ಏಕೆ ಮಾರುತ್ತಿದ್ದಾರೆ? ವಿದೇಶಕ್ಕೆ ಹೊರಟವರು, ವರ್ಗವಾದವರು, ಇನ್ನೂ ದೊಡ್ಡ ಕಾರಿನ ಮೋಹಕ್ಕೆ ಬಿದ್ದವರು ಇಲ್ಲವೆಂದಲ್ಲ. ಅವರನ್ನು ಬಿಟ್ಟರೆ ಉಳಿಯುವ ಕಾರಣಗಳು ಎರಡು. ಒಂದೋ ಕಾರಿನಲ್ಲಿ ದೋಷವಿದೆ, ಇಲ್ಲವೋ ಮನೆಯಲ್ಲಿ ಕಷ್ಟವಿದೆ. ಮೊದಲನೆಯದರಲ್ಲಿ ನಾವು ಮೋಸಹೋಗುವ ಅಪಾಯವಿದೆ. ಎರಡನೆಯದರಲ್ಲಿ ನಾವೇ ಮೋಸ ಮಾಡುವ ಅಪಾಯವಿದೆ. ಅಕರ್ಲಾಫರು ಮೊದಲನೆಯದನ್ನು ನೋಡಿದರು. ನಮ್ಮ ಊರುಗಳಲ್ಲಿ ಎರಡನೆಯದೂ ಅಷ್ಟೇ ಸಾಮಾನ್ಯ.

ದೋಷದ ವಿಚಾರವನ್ನು ಮೊದಲು ಎತ್ತಿಕೊಳ್ಳೋಣ. ನಮ್ಮ ದೇಶದ 1872ರ ಕರಾರು ಕಾಯಿದೆಯ 17ನೆಯ ಕಲಮಿನಲ್ಲಿ ಒಂದು ಕುದುರೆಯ ನಿದರ್ಶನವಿದೆ. ಹರಾಜಿನಲ್ಲಿ ಕುದುರೆ ಮಾರುವವನಿಗೆ ಅದರ ರೋಗ ಗೊತ್ತಿದ್ದೂ ಅವನು ಸುಮ್ಮನಿದ್ದರೆ ಅದು ವಂಚನೆಯಲ್ಲವೆನ್ನುತ್ತದೆ ಕಾನೂನು. ಸಂತ ತೋಮಸ್ ಅಕ್ವಿನಾಸರು 13ನೆಯ ಶತಮಾನದಲ್ಲಿಯೇ ತಮ್ಮ ದೈವಶಾಸ್ತ್ರ ಸಂಗ್ರಹದಲ್ಲಿ ಕುದುರೆಯ ಉದಾಹರಣೆಯನ್ನೇ ತೆಗೆದುಕೊಂಡು ಬೇರೆ ತೀರ್ಮಾನಕ್ಕೆ ಬಂದಿದ್ದರು: ಕುದುರೆಗೆ ಒಂದೇ ಕಣ್ಣೆಂಬುದು ನೋಡಿದವರಿಗೆಲ್ಲ ಕಾಣುವುದಾದರೆ, ಬೆಲೆಯನ್ನು ತಕ್ಕಷ್ಟು ಇಳಿಸಿದ ಮಾರಾಟಗಾರ ಬಾಯಿಬಿಟ್ಟು ಹೇಳಬೇಕಾಗಿಲ್ಲ, ಆದರೆ ಕಣ್ಣಿಗೆ ಕಾಣದ, ಕೊಂಡವನಿಗೆ ಹಾನಿ ತರುವ ದೋಷವನ್ನು ಹೇಳಲೇಬೇಕು. ಗುರುಮಠದಲ್ಲಿ ಇದನ್ನು ಓದುವಾಗ ನಮಗೆ ಕುದುರೆಯೇ ಕಣ್ಮುಂದೆ ಬರುತ್ತಿತ್ತು. ಈಗ ಓದಿದರೆ ಬಾನೆಟ್ಟಿನ ಕೆಳಗೆ ಬೆಸುಗೆ ಹಾಕಿಸಿಕೊಂಡು ಬಣ್ಣ ಬಳಿಸಿಕೊಂಡ ಕಾರು ಬರುತ್ತದೆ.

ಕಾಯಿದೆಯಲ್ಲಿ ಅದೇ ಕುದುರೆಯ ಇನ್ನೊಂದು ನಿದರ್ಶನವೂ ಇದೆಯೆಂಬುದನ್ನು ಬಹಳ ಮಂದಿ ಗಮನಿಸುವುದಿಲ್ಲ. ನೀನು ಅಲ್ಲವೆನ್ನದಿದ್ದರೆ ಕುದುರೆ ಆರೋಗ್ಯವಾಗಿದೆಯೆಂದೇ ತಿಳಿಯುತ್ತೇನೆ ಎಂದು ಕೊಳ್ಳುವವನು ಹೇಳಿದ ಮೇಲೂ ಮಾರುವವನು ಸುಮ್ಮನಿದ್ದರೆ, ಆಗ ಅವನ ಮೌನವು ಮಾತಿಗೆ ಸಮ. ಚೌಕಾಸಿಗೆ ಕುಳಿತವರು ಬೇರೆಲ್ಲ ಉಪಾಯಗಳಿಗಿಂತ ಮೊದಲು ಇದನ್ನು ಕಲಿಯಬೇಕು. ಕಾರು ಡಿಕ್ಕಿಯಾಗಿದೆಯೇ, ನೀರಿನಲ್ಲಿ ಮುಳುಗಿತ್ತೇ, ಮೀಟರ್ ತಿರುಗಿಸಿದ್ದಾರೆಯೇ, ವಿಮೆಯ ಕ್ಲೇಮು ಆಗಿದೆಯೇ, ಸಾಲ ಬಾಕಿಯಿದೆಯೇ ಎಂದು ಇಬ್ಬರು ಸಾಕ್ಷಿಗಳ ಮುಂದೆ ನೇರವಾಗಿ ಕೇಳಬೇಕು; ಉತ್ತರಗಳನ್ನು ಒಪ್ಪಂದದ ಕಾಗದದಲ್ಲಿ ಬರೆಸಿ ಸಹಿ ಹಾಕಿಸಬೇಕು. ಹಾಗೆ ಕೇಳುವುದು ಅವಿಶ್ವಾಸವಲ್ಲ. ಪ್ರಾಮಾಣಿಕನಿಗೆ ಅದರಿಂದ ನೋವಾಗದು. ಅಪ್ರಾಮಾಣಿಕನು ಎದ್ದು ಹೋಗುತ್ತಾನೆ, ಮುಂಗಡವೂ ಉಳಿಯುತ್ತದೆ.

ಕಾರಿಗೆ ಹಲ್ಲಿಲ್ಲವೆಂದೆವು. ಆದರೂ ವಯಸ್ಸು ಹೇಳುವ ಗುರುತುಗಳು ಕೆಲವಿವೆ. ಟೈರಿನ ಪಕ್ಕದಲ್ಲಿ ಅಚ್ಚೊತ್ತಿದ ನಾಲ್ಕು ಅಂಕಿಗಳಲ್ಲಿ ಮೊದಲೆರಡು ವಾರವನ್ನೂ ಕೊನೆಯೆರಡು ವರ್ಷವನ್ನೂ ತಿಳಿಸುತ್ತವೆ. 2325 ಎಂದಿದ್ದರೆ 2025ರ 23ನೆಯ ವಾರದಲ್ಲಿ ತಯಾರಾದ ಟೈರು. ಎಂಟು ಸಾವಿರ ಕಿಲೋಮೀಟರ್ ಮಾತ್ರ ಓಡಿದೆಯೆನ್ನುವ ಕಾರಿನ ನಾಲ್ಕು ಟೈರುಗಳೂ ಕಾರಿಗಿಂತ ಹೊಸವಾಗಿದ್ದರೆ ಏಕೆಂದು ಕೇಳಬೇಡವೇ? ಬ್ರೇಕ್ ಪೆಡಲಿನ ರಬ್ಬರು ಸವೆದಿದೆಯೇ, ಬಾನೆಟ್ಟಿನ ಬೋಲ್ಟುಗಳ ಮೇಲೆ ಸ್ಪ್ಯಾನರ್ ಆಡಿದ ಗುರುತಿದೆಯೇ ಎಂದು ಊರಿನ ಮೆಕ್ಯಾನಿಕ್ಕನ್ನು ಕರೆದೊಯ್ದು ಹಗಲು ಬೆಳಕಿನಲ್ಲಿ ನೋಡಿಸಬೇಕು. ಕಂಪನಿಯ ಸರ್ವಿಸ್ ದಾಖಲೆ ತರಿಸಿಕೊಂಡು ಮೀಟರಿನ ಅಂಕಿಯೊಡನೆ ತಾಳೆ ನೋಡಬೇಕು. ಮೆಕ್ಯಾನಿಕ್ಕಿಗೆ ಕೊಡುವ ಐನೂರೋ ಸಾವಿರವೋ ರೂಪಾಯಿಯನ್ನು ಉಳಿಸಲು ಹೋಗುವ ಜಾಣತನ ನಮಗೆ ಎಂದಿಗೂ ಅರ್ಥವಾಗಿಲ್ಲ. ಹೀಗೆ ಕಂಡ ದೋಷಗಳಿಗೆ ಒಂದೊಂದಾಗಿ ಬೆಲೆ ಇಳಿಸಿ ಕೇಳುವುದರಲ್ಲಿ ಯಾವ ಸಂಕೋಚವೂ ಬೇಡ, ಎಷ್ಟು ಗಟ್ಟಿಯಾಗಿ ಕೇಳಿದರೂ ತಪ್ಪಿಲ್ಲ.

ದೋಷವೇ ಇಲ್ಲದ ಕಾರಿಗೆ ನ್ಯಾಯವಾದ ಬೆಲೆ ಯಾವುದು? ಇತ್ತೀಚೆಗೆ ಅನೇಕ ವ್ಯಾಪಾರಗಳು ಮುರಿದುಬೀಳುತ್ತಿರುವುದು ಈ ಪ್ರಶ್ನೆಯ ಮೇಲೆಯೇ. 2025ರ ಸೆಪ್ಟೆಂಬರ್ 22ರಂದು ಸಣ್ಣ ಕಾರುಗಳ ಮೇಲಿನ ಜಿಎಸ್‌ಟಿ ಇಳಿಯಿತು. ನಾಲ್ಕು ಮೀಟರ್ ಉದ್ದವನ್ನೂ 1200 ಸಿಸಿಯನ್ನೂ ಮೀರದ ಪೆಟ್ರೋಲ್ ಕಾರಿಗೆ ಅಲ್ಲಿಯವರೆಗೆ ಸೆಸ್ ಸೇರಿ ಶೇ. 29 ತೆರಿಗೆಯಿತ್ತು, ಅಂದಿನಿಂದ ಶೇ. 18. ಆ ವರ್ಷದ ಜೂನಿನಲ್ಲಿ ಒಬ್ಬರು ಎಕ್ಸ್-ಶೋರೂಂ 7 ಲಕ್ಷ ರೂಪಾಯಿಯ ಕಾರು ಕೊಂಡರೆಂದಿಟ್ಟುಕೊಳ್ಳೋಣ. ಕಂಪನಿಯು ಬೇರೆ ಕಾರಣಕ್ಕೆ ಬೆಲೆ ಬದಲಿಸದಿದ್ದರೆ ಅದೇ ಕಾರು ತೆರಿಗೆ ಇಳಿದ ಮೇಲೆ ಸುಮಾರು 6 ಲಕ್ಷ 40 ಸಾವಿರಕ್ಕೆ ಸಿಗುತ್ತದೆ. ಮಾರುವವರು ತಾವು ಕೊಟ್ಟ 7 ಲಕ್ಷ, ಅದರ ಮೇಲೆ ಕರ್ನಾಟಕದ ಶೇ. 14ರ ಆಜೀವ ತೆರಿಗೆ 98 ಸಾವಿರ, ಜೊತೆಗೆ ವಿಮೆ ಎಲ್ಲವನ್ನೂ ಕೂಡಿಸಿ ಎಂಟು ಲಕ್ಷಕ್ಕೂ ಮೇಲಿನ ಲೆಕ್ಕ ಹೇಳುತ್ತಾರೆ. ಅವರ ಲೆಕ್ಕ ಸುಳ್ಳಲ್ಲ. ಆದರೆ ಖರ್ಚಾದ ಹಣ ಬೇರೆ, ಬೆಲೆ ಬೇರೆ. 16ನೆಯ ಶತಮಾನದಲ್ಲಿ ಸ್ಪೇನಿನ ಸಾಲಮಾಂಕಾದ ದೈವಶಾಸ್ತ್ರಜ್ಞರು ವ್ಯಾಪಾರಿಗಳ ಪಾಪನಿವೇದನೆಯನ್ನು ಕೇಳಿ ಕೇಳಿ ಈ ಭೇದವನ್ನು ಸ್ಪಷ್ಟಪಡಿಸಿದ್ದರು. ವಸ್ತುವಿನ ಬೆಲೆಯು ಆ ಕಾಲದಲ್ಲಿ ಆ ಸ್ಥಳದಲ್ಲಿ ಜನರು ಕಟ್ಟುವ ಅಂದಾಜೇ ಹೊರತು ಒಡೆಯನ ಜೇಬಿನಿಂದ ಹೋದ ಮೊತ್ತವಲ್ಲ.

ಹಾಗಾದರೆ ಅಂದಾಜಿಗೆ ಆಧಾರವೇನು? ವಿಮಾ ಕಂಪನಿಗಳು ಅನುಸರಿಸುತ್ತ ಬಂದಿರುವ ಸವಕಳಿಯ ಪಟ್ಟಿಯೊಂದಿದೆ: ಆರು ತಿಂಗಳಿಂದ ವರ್ಷದವರೆಗಿನ ಕಾರಿಗೆ ಶೇ. 15, ಎರಡನೆಯ ವರ್ಷದಲ್ಲಿ ಶೇ. 20, ಮೂರನೆಯದರಲ್ಲಿ ಶೇ. 30. ಎರಡನೆಯ ವರ್ಷದಲ್ಲಿರುವ ನಮ್ಮ ಉದಾಹರಣೆಯ ಕಾರಿಗೆ 6 ಲಕ್ಷ 40 ಸಾವಿರದಲ್ಲಿ ಐದನೆಯ ಒಂದು ಭಾಗ ಕಳೆದರೆ 5 ಲಕ್ಷ 12 ಸಾವಿರ. ಕಟ್ಟಿದ ಆಜೀವ ತೆರಿಗೆ ಕಾರಿನೊಡನೆಯೇ ಬರುವುದರಿಂದ ನಮಗೆ ಉಳಿಯುವ ಆ ತೊಂಬತ್ತು ಸಾವಿರದಷ್ಟನ್ನು ಸೇರಿಸಿದರೆ ಸುಮಾರು ಆರು ಲಕ್ಷ. ಇದು ಗೆರೆ ಕೊರೆದ ಅಂಕಿಯಲ್ಲ. ನ್ಯಾಯಬೆಲೆಯನ್ನು ಬಿಂದುವಿನಂತೆ ಗುರುತಿಸಲಾಗದು, ಅದು ಅಂದಾಜಿನಲ್ಲಿದೆ ಎಂದು ಅಕ್ವಿನಾಸರೇ ಒಪ್ಪಿದ್ದಾರೆ. ಐದು ಮುಕ್ಕಾಲು ಲಕ್ಷಕ್ಕೂ ಆರೂಕಾಲು ಲಕ್ಷಕ್ಕೂ ನಡುವೆ ಎಲ್ಲಿಯಾದರೂ ಬಂದು ನಿಲ್ಲಲಿ. ಆ ಬಯಲಿನೊಳಗೆ ಮನಸಾರೆ ಚೌಕಾಸಿ ಮಾಡಬಹುದು. ಕಾಫಿ ಕುಡಿದು ಎದ್ದು ಹೊರಟಂತೆ ಮಾಡಿ ಮತ್ತೆ ಬಂದು ಕೂರುವ ಹಳೆಯ ನಾಟಕವನ್ನೂ ಆಡಬಹುದು.

ಬಾವಲಿಯ ಆಚೆಯಿಂದ ಬರುವ ಕೇರಳದ ನಂಬರಿನ ಕಾರುಗಳು ಅಗ್ಗವೆಂದು ಕೇಳಿ ಆಸೆಪಡುವವರಿಗೆ ಒಂದು ಮಾತು. ಅಲ್ಲಿನ ಕಚೇರಿಯ ಎನ್‌ಓಸಿ ಬೇಕು, ಇಲ್ಲಿ ಮರುನೋಂದಣಿ ಆಗಬೇಕು, ಕರ್ನಾಟಕದ ತೆರಿಗೆ ಬೇರೆ ಕಟ್ಟಬೇಕು. ಅಷ್ಟನ್ನೂ ಕೂಡಿಸಿದ ಮೇಲೂ ಅಗ್ಗವೇ ಎಂದು ನೋಡಿಕೊಳ್ಳಲಿ.

ಇನ್ನು ಮನೆಯ ಕಷ್ಟದ ವಿಚಾರ. 2023ರಲ್ಲಿ ಶುಂಠಿಯ ಬೆಲೆ ಏರಿದಾಗ ನಮ್ಮ ಕಡೆ ಎಷ್ಟೋ ಹೊಸ ವಾಹನಗಳು ಬಂದವು. ಬೆಲೆ ಇಳಿದ ಮೇಲೆ ಅವುಗಳಲ್ಲಿ ಕೆಲವು ಕಂತು ಕಟ್ಟಲಾಗದೆ ಹೊರಟುಹೋದವು. ಮಗಳ ಮದುವೆ, ಆಪರೇಷನ್ನು, ದುಡಿಯುವವನ ಅಕಾಲ ಮರಣ: ಇಂಥ ಮನೆಯ ಕಾರು ಮಾರಾಟಕ್ಕಿದೆಯೆಂದು ಸುದ್ದಿ ಹಬ್ಬಿದೊಡನೆ ದಲ್ಲಾಳಿ ಬಂದು ಕಿವಿಯಲ್ಲಿ ಹೇಳುವುದೇನು? ಪಾರ್ಟಿಗೆ ಅರ್ಜೆಂಟಿದೆ, ಇನ್ನೊಂದು ವಾರ ತಡೆಯಿರಿ, ನಾಲ್ಕಕ್ಕೆ ಇಳಿಯುತ್ತಾರೆ. ಆರು ಲಕ್ಷದ ವಸ್ತುವನ್ನು ನಾಲ್ಕಕ್ಕೆ ಇಳಿಸಿದ್ದು ಟೈರಿನ ಸವಕಳಿಯೂ ಅಲ್ಲ, ಬಾನೆಟ್ಟಿನ ಬೆಸುಗೆಯೂ ಅಲ್ಲ. ಬ್ಯಾಂಕಿನ ನೋಟೀಸು, ಆಸ್ಪತ್ರೆಯ ಬಿಲ್ಲು.

ಅವರೇ ಒಪ್ಪಿ ಕೊಟ್ಟರಲ್ಲ, ನಾವೇನು ಕಸಿದುಕೊಂಡೆವೇ ಎಂಬ ಉತ್ತರ ಸಿದ್ಧವಾಗಿರುತ್ತದೆ. ಕಾನೂನಿನ ಮಟ್ಟಿಗೆ ಆ ಉತ್ತರ ಸಾಕು. ಅದೇ ಕರಾರು ಕಾಯಿದೆಯ 25ನೆಯ ಕಲಮಿನಲ್ಲಿ ಸಾವಿರ ರೂಪಾಯಿಯ ಕುದುರೆಯನ್ನು ಹತ್ತು ರೂಪಾಯಿಗೆ ಮಾರಿದವನ ನಿದರ್ಶನವಿದೆ; ಒಪ್ಪಿಗೆ ಸ್ವತಂತ್ರವಾಗಿದ್ದರೆ ಆ ಕರಾರೂ ಸಿಂಧು. ಆದರೆ ಮನಸ್ಸಾಕ್ಷಿಯ ಲೆಕ್ಕ ಅಲ್ಲಿಗೆ ಮುಗಿಯುವುದಿಲ್ಲ. ಯೋಗ್ಯತೆಗಿಂತ ಹೆಚ್ಚಿಗೆ ಮಾರುವುದು ಎಷ್ಟು ಅನ್ಯಾಯವೋ ಕಡಿಮೆಗೆ ಕೊಳ್ಳುವುದೂ ಅಷ್ಟೇ ಅನ್ಯಾಯವೆಂದು ಅಕ್ವಿನಾಸರು ಎರಡನ್ನೂ ಒಂದೇ ತಕ್ಕಡಿಗೆ ಹಾಕುತ್ತಾರೆ. ಕೊಳ್ಳುವವನಿಗೆ ವಿಶೇಷ ಅಗತ್ಯವಿದೆಯೆಂಬ ಕಾರಣಕ್ಕೆ ಬೆಲೆ ಏರಿಸಬಾರದು, ಏಕೆಂದರೆ ಆ ಅಗತ್ಯ ಮಾರುವವನ ಸ್ವತ್ತಲ್ಲ ಎಂಬುದು ಅವರ ತರ್ಕ. ಅದನ್ನು ತಿರುಗಿಸಿ ನೋಡಿದರೆ ನಮ್ಮ ದಲ್ಲಾಳಿಯ ಪಿಸುಮಾತಿಗೆ ಉತ್ತರ ಸಿಗುತ್ತದೆ. ಮಾರುವವನ ಕಷ್ಟವೂ ನಮ್ಮ ಸ್ವತ್ತಲ್ಲ. ಅದರಲ್ಲಿ ಲಾಭ ತೆಗೆಯಲು ನಮಗೆ ಹಕ್ಕಿಲ್ಲ.

ಹೊಗೆಸೊಪ್ಪು ಬೆಳೆಯುವವರಿಗೆ ಇದನ್ನು ವಿವರಿಸಬೇಕಾದ ಅಗತ್ಯವೇ ಇರಬಾರದು. ತಿಂಗಳುಗಟ್ಟಲೆ ದುಡಿದು, ಬ್ಯಾರನ್ನಿನ ಬೆಂಕಿಯ ಮುಂದೆ ನಿದ್ದೆಗೆಟ್ಟು ಹದ ಮಾಡಿದ ಸೊಪ್ಪನ್ನು ಹರಾಜಿಗೆ ಒಯ್ದಾಗ, ಕೊಳ್ಳುವವನು ಮುಖ ಸಿಂಡರಿಸಿ ಕೆಳದರ್ಜೆಯೆಂದು ಮುಂದೆ ಹೋಗುವ ನೋವು ಅವರದು. ಬೇಲಿನ ಮೇಲೆ ನೋ ಬಿಡ್ ಎಂದು ಬಿದ್ದ ದಿನ ಮನೆಯಲ್ಲಿ ಒಲೆ ಹೊತ್ತಿಸಲೂ ಮನಸ್ಸಾಗುವುದಿಲ್ಲ. ರೈತನು ಬೇಲನ್ನು ಮರಳಿ ಮನೆಗೆ ಒಯ್ಯಲಾರ, ಸಾಲಗಾರ ಬಾಗಿಲಲ್ಲಿದ್ದಾನೆ ಎಂಬುದು ಅಲ್ಲಿ ಎಲ್ಲರಿಗೂ ಗೊತ್ತು. ಅದೇ ಮನೆಯವರು ಹರಾಜಿನ ಹಣ ಕಟ್ಟಿಕೊಂಡು ಕಾರು ಕೊಳ್ಳಲು ಹೋಗಿ, ಮುಖ ಸಿಂಡರಿಸಿ, ಇನ್ನೊಬ್ಬನ ಬಾಗಿಲಲ್ಲಿರುವ ಸಾಲಗಾರನನ್ನೇ ತಮ್ಮ ದಲ್ಲಾಳಿ ಮಾಡಿಕೊಂಡರೆ? ಕೊಳ್ಳುವಾಗ ಕೆಟ್ಟದ್ದು ಕೆಟ್ಟದ್ದು ಎನ್ನುತ್ತ, ಕೊಂಡುಹೋದ ಮೇಲೆ ಹೆಮ್ಮೆಪಡುವವನನ್ನು ಜ್ಞಾನೋಕ್ತಿಗಳ ಗ್ರಂಥದ 20ನೆಯ ಅಧ್ಯಾಯ ಬಹು ಹಿಂದೆಯೇ ಕಂಡಿತ್ತು. ಚರ್ಚಿನ ಅಂಗಳದ ವರ್ಣನೆಗಳನ್ನು ಕೇಳುವಾಗ ನಮಗೆ ಆ ವಾಕ್ಯ ನೆನಪಾಗುತ್ತದೆ.

ಸಂತ ಅಗುಸ್ತೀನರು ತ್ರಿತ್ವವನ್ನು ಕುರಿತ ಗ್ರಂಥದ ನಡುವೆ, ಅಗ್ಗಕ್ಕೆ ಕೊಂಡು ದುಬಾರಿಗೆ ಮಾರುವುದೇ ಎಲ್ಲ ಮನುಷ್ಯರ ಆಸೆಯೆಂದು ನಗಿಸಿದ ನಟನೊಬ್ಬನ ಪ್ರಸಂಗವನ್ನು ಹೇಳಿ, ಅದಕ್ಕೆ ಎದುರಾಗಿ ತಮಗೆ ಗೊತ್ತಿದ್ದ ಒಬ್ಬನನ್ನು ನೆನೆಯುತ್ತಾರೆ. ಹಸ್ತಪ್ರತಿಯೊಂದನ್ನು ಮಾರಲು ಬಂದವನಿಗೆ ಅದರ ಯೋಗ್ಯತೆ ತಿಳಿದಿರಲಿಲ್ಲ. ಕೇಳಿದ್ದು ತೀರ ಕಡಿಮೆ. ಕೊಳ್ಳುವವನು ತಾನಾಗಿಯೇ ನ್ಯಾಯವಾದ ಬೆಲೆಯನ್ನು ಕೊಟ್ಟನು. ಅಂಥವರು ಈ ಕಾಲದಲ್ಲಿ ಎಲ್ಲಿ ಎನ್ನುವಿರಾ? ಆ ಕಾಲದಲ್ಲೂ ಅಪರೂಪವೇ ಆಗಿದ್ದಿರಬೇಕು. ಇಲ್ಲವಾದರೆ ಅಗುಸ್ತೀನರು ಬರೆದಿಡುತ್ತಿರಲಿಲ್ಲ. ನಾವು ಹೇಳುತ್ತಿರುವುದು ಅಷ್ಟು ದೊಡ್ಡ ಮಾತೂ ಅಲ್ಲ. ಆರು ಲಕ್ಷದ ಕಾರನ್ನು ಕಷ್ಟದಲ್ಲಿರುವವರಿಂದ ಐದು ಮುಕ್ಕಾಲಿಗೆ ಕೊಂಡರೆ ಯಾರೂ ಆಕ್ಷೇಪಿಸರು. ಅವರ ತುರ್ತಿಗೆ ಅಂದೇ ರೊಕ್ಕ ಹೊಂದಿಸಿ ಕೊಡುವುದಕ್ಕೂ ಒಂದು ಬೆಲೆಯುಂಟು. ನಾಲ್ಕಕ್ಕೆ ಇಳಿಯಲೆಂದು ವಾರವಿಡೀ ಕಾಯುವುದು ಬೇರೆಯೇ ಕೆಲಸ.

ಕಷ್ಟದಲ್ಲಿರುವ ಮನೆಯಿಂದ ಕೊಳ್ಳುವವರು ಇನ್ನೆರಡು ವಿಷಯಗಳನ್ನು ಬೆಲೆಯ ಮಾತಿನ ಜೊತೆಗೇ ತೀರ್ಮಾನಿಸಿಕೊಳ್ಳುವುದು ಲೇಸು. ಆರ್‌ಸಿಯಲ್ಲಿ ಸಾಲ ಕೊಟ್ಟ ಸಂಸ್ಥೆಯ ಹೆಸರಿದ್ದರೆ ಬಾಕಿ ಹಣವನ್ನು ನೇರವಾಗಿ ಆ ಸಂಸ್ಥೆಗೇ ಕಟ್ಟಿ, ಎನ್‌ಓಸಿಯನ್ನೂ ಸಾಲದ ನಮೂದು ತೆಗೆಸುವ 35ನೆಯ ಫಾರಮ್ಮನ್ನೂ ಪಡೆದು, ಮಿಕ್ಕದ್ದನ್ನು ಒಡೆಯರ ಕೈಗೆ ಕೊಡಬೇಕು. ಎರಡನೆಯದು ಹೆಸರಿನ ಬದಲಾವಣೆ. ಸಹಿ ಮಾಡಿದ 29 ಮತ್ತು 30ನೆಯ ಫಾರಮ್ಮುಗಳನ್ನು ಬೀರುವಿನಲ್ಲಿಟ್ಟುಕೊಂಡು ವರ್ಷಗಟ್ಟಲೆ ಕಾರು ಓಡಿಸುವವರು ನಮ್ಮಲ್ಲಿ ಕಡಿಮೆಯೇನಿಲ್ಲ. ರಾಜ್ಯದೊಳಗಿನ ಮಾರಾಟವನ್ನು ಮಾರಿದವರು 14 ದಿನಗಳಲ್ಲಿ, ಕೊಂಡವರು 30 ದಿನಗಳಲ್ಲಿ ಸಾರಿಗೆ ಕಚೇರಿಗೆ ತಿಳಿಸಬೇಕೆಂದು 1988ರ ಮೋಟಾರು ವಾಹನ ಕಾಯಿದೆ ವಿಧಿಸುತ್ತದೆ. ಹಲವು ಕೈ ಬದಲಾದ ಕಾರೊಂದರ ಅಪಘಾತದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2018ರ ಫೆಬ್ರವರಿಯಲ್ಲಿ, ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವರೇ ಪರಿಹಾರಕ್ಕೆ ಹೊಣೆಯೆಂದು ತೀರ್ಪಿತ್ತಿದೆ. ಎಂದೋ ಕಾರು ಮಾರಿ ಸಾಲ ತೀರಿಸಿಕೊಂಡ ಮನೆಗೆ, ಇನ್ನಾರೋ ಮಾಡಿದ ಅಪಘಾತದ ಸಮನ್ಸು ಬರುವುದೆಂದರೆ ಬಿದ್ದವರಿಗೆ ಆಳಿಗೊಂದು ಕಲ್ಲೆಂಬಂತೆ.

ಆದ್ದರಿಂದ ಹಣ ಕೊಟ್ಟ ವಾರದೊಳಗೆ ಹೆಸರಿನ ಬದಲಾವಣೆಯ ಅರ್ಜಿ ಹೋಗಲಿ. ಕೆಎ-45ರ ಗಾಡಿಯಾದರೆ, ಕಚೇರಿಗೇ ಹೋಗಬೇಕಾಗಿ ಬಂದಲ್ಲಿ ಹುಣಸೂರಿಗೆ ಎರಡು ಕಡೆಯವರೂ ಅದೇ ಕಾರಿನಲ್ಲಿ ಹೋಗಿಬರಬಹುದು. ಆ ದಿನದ ಊಟದ ಖರ್ಚು ಕೊಂಡವರದಾಗಿರಲಿ.